ಮುಂದಿನ ಆಕ್ಸಲ್ ಅಗಲ, ಹಿಂದಿನದು ಕಿರಿದು: ಗಾಡಿಗೆ ತೊಂದರೆಯೇ?

ಪ್ರಶ್ನೆ: ನನ್ನ ಬಳಿ ಲ್ಯಾಡರ್ ಚಾಸಿಯ (ಏಣಿಯಂಥ ಅಡಿ ಚೌಕಟ್ಟಿನ) ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಇದೆ. ಮುಂದಿನ ಆಕ್ಸಲ್ ಕೆಟ್ಟಿದ್ದರಿಂದ ಹೆಚ್ಚು ಭಾರ ತಾಳುವ ಬೇರೊಂದು ಗಾಡಿಯ ಆಕ್ಸಲ್ ಹಾಕಿಸಿದೆ. ಅದು ಹಿಂಬದಿಯ ಆಕ್ಸಲ್ಲಿಗಿಂತ 100 ಮಿ.ಮೀ. ಅಗಲವಾಗಿದೆ. ನಾಲ್ಕೂ ಟೈರುಗಳು 265 ಮಿ.ಮೀ. ಅಗಲದವು, ರಿಮ್‌ಗಳೆಲ್ಲ ಒಂದೇ ಬಗೆಯವು. ಇದರಿಂದ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಹಾಳಾಗುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ಹಿಂದಿನ ಚಕ್ರಗಳಿಗೆ ಸ್ಪೇಸರ್ (ಆಕ್ಸಲ್ ತುದಿಗೂ ರಿಮ್‌ಗೂ ನಡುವೆ ಕೂರಿಸಿ ಚಕ್ರವನ್ನು ಹೊರಗೆ ಸರಿಸುವ ದಪ್ಪ ಬಿಲ್ಲೆ) ಹಾಕಿಬಿಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಮೊದಲನೆಯ ಮಾತಿಗೆ ಆಧಾರವಿಲ್ಲ, ಎರಡನೆಯದನ್ನು ಪಾಲಿಸುವ ಅಗತ್ಯ ನಿಮಗೆ ಬಹುಶಃ ಬರುವುದಿಲ್ಲ. ಟ್ರಾನ್ಸ್‌ಫರ್ ಕೇಸಿಗೆ ತಿಳಿಯುವುದು ಆಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಎಷ್ಟು ವೇಗವಾಗಿ ತಿರುಗುತ್ತಿವೆ ಎಂಬುದಷ್ಟೇ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನದು ಕಡಿಮೆ ದೂರವನ್ನೂ ಕ್ರಮಿಸುತ್ತದೆ, ಆ ಎರಡರ ಸರಾಸರಿಯನ್ನು ಡಿಫರೆನ್ಶಿಯಲ್ ಶಾಫ್ಟಿಗೆ ಒಪ್ಪಿಸುತ್ತದೆ. ಆಕ್ಸಲ್ ಅಗಲವಾದರೆ ಎರಡು ಚಕ್ರಗಳು ಕ್ರಮಿಸುವ ದೂರಗಳ ವ್ಯತ್ಯಾಸ ಹೆಚ್ಚುತ್ತದೆಯೇ ಹೊರತು ಸರಾಸರಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಟ್ರಾನ್ಸ್‌ಫರ್ ಕೇಸನ್ನು ನಿಜವಾಗಿ ಕೆಡಿಸುವುದು ಎರಡು ಆಕ್ಸಲ್‌ಗಳ ಗೇರ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು) ಬೇರೆ ಬೇರೆಯಾಗಿರುವುದು ಅಥವಾ ಟೈರುಗಳ ಸುತ್ತಳತೆ ಹೊಂದದಿರುವುದು. ಬೇರೆ ಗಾಡಿಯ ಆಕ್ಸಲ್ ಹಾಕಿಸಿರುವ ನೀವು ಅಗಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನೇ: ಗೇರ್ ಅನುಪಾತ ಮುಂದೆ 4.10, ಹಿಂದೆ 3.73 ಇದ್ದರೆ ಫೋರ್ ವೀಲ್ ಡ್ರೈವ್ ಹಾಕಿದ ಕೂಡಲೇ ಅವೆರಡೂ ಪರಸ್ಪರ ಎಳೆದಾಡತೊಡಗುತ್ತವೆ.

ಅಗಲ ಎಂದಾಗ ಯಾವುದನ್ನು ಅಳೆದಿರಿ ಎಂಬುದೂ ಮುಖ್ಯ. ಒಂದು ಹಬ್‌ನಲ್ಲಿ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಬಿಗಿಯುವ ಭಾಗ) ರಿಮ್ ಕೂರುವ ಮುಖದಿಂದ ಇನ್ನೊಂದು ಹಬ್‌ನ ಅಂಥದೇ ಮುಖದವರೆಗಿನ ಅಳತೆ ಆಕ್ಸಲ್ಲಿನದು. ಒಂದು ಟೈರಿನ ನಡುವಿನಿಂದ ಇನ್ನೊಂದರ ನಡುವಿನವರೆಗಿನದು ಟ್ರ್ಯಾಕ್. ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖದವರೆಗಿನ ದೂರವೇ ಆಫ್‌ಸೆಟ್, ಆ ಮುಖ ನಡುಗೆರೆಗಿಂತ ಹೊರಗಿದ್ದರೆ ಧನ. ಆಕ್ಸಲ್ ಅಳತೆಯಿಂದ ರಿಮ್ ಆಫ್‌ಸೆಟ್‌ನ ಎರಡರಷ್ಟನ್ನು ಕಳೆದರೆ ಟ್ರ್ಯಾಕ್ ಸಿಗುತ್ತದೆ. ಉದಾಹರಣೆಗೆ, 1600 ಮಿ.ಮೀ. ಆಕ್ಸಲ್ಲಿಗೆ 35 ಮಿ.ಮೀ. ಧನ ಆಫ್‌ಸೆಟ್‌ನ ರಿಮ್ ಹಾಕಿದರೆ ಟ್ರ್ಯಾಕ್ 1530 ಮಿ.ಮೀ. ಆಗುತ್ತದೆ. ನೆಲದ ಮೇಲೆ ಲೆಕ್ಕಕ್ಕೆ ಬರುವುದು ಟ್ರ್ಯಾಕ್ ಮಾತ್ರ. ನಿಮ್ಮ ರಿಮ್‌ಗಳು ಒಂದೇ ಬಗೆಯವಾದ್ದರಿಂದ 100 ಮಿ.ಮೀ. ವ್ಯತ್ಯಾಸ ಟ್ರ್ಯಾಕಿನಲ್ಲೂ ಹಾಗೆಯೇ ಉಳಿಯುತ್ತದೆ, ಅಂದರೆ ಒಂದೊಂದು ಬದಿಗೆ 50 ಮಿ.ಮೀ.

ಕಾರ್ಖಾನೆಯಿಂದಲೇ ಹೀಗೆ ಬಂದ ಗಾಡಿಗಳಿವೆ. 2007ರಲ್ಲಿ ಟೊಯೊಟಾ ತನ್ನ ಲ್ಯಾಂಡ್ ಕ್ರೂಸರ್ 70 ಸರಣಿಗೆ ವಿ8 ಡೀಸೆಲ್ ಎಂಜಿನ್ ಕೂರಿಸಲು ಗಾಡಿಯ ಮುಂಭಾಗವನ್ನು ಅಗಲಿಸಿತು, ಹಿಂದಿನ ಆಕ್ಸಲ್ಲನ್ನು ಮಾತ್ರ ಹಾಗೆಯೇ ಬಿಟ್ಟಿತು. ಹೀಗಾಗಿ ಹಿಂದಿನ ಟ್ರ್ಯಾಕ್ ಮುಂದಿನದಕ್ಕಿಂತ ಸುಮಾರು 95 ಮಿ.ಮೀ. ಕಿರಿದು. ಮಾಲೀಕರಲ್ಲಿ ಹಲವರು ಇದನ್ನು ದೂರುತ್ತಲೇ ಬಂದಿದ್ದಾರೆ, ಅದೇ ಗಾಡಿಯಲ್ಲಿ ಮರುಭೂಮಿಗಳನ್ನೂ ದಾಟುತ್ತ ಬಂದಿದ್ದಾರೆ.

ಅವರ ದೂರಿನಲ್ಲಿ ಹುರುಳಿದೆ. ಮರಳು, ಕೆಸರು ಅಥವಾ ಹಿಮದಲ್ಲಿ ನೇರ ಸಾಗುವಾಗ ಮುಂದಿನ ಚಕ್ರ ನೆಲವನ್ನು ಒತ್ತಿ ಜಾಡು ಮಾಡುತ್ತದೆ, ಹಿಂದಿನ ಚಕ್ರ ಆ ಸಿದ್ಧ ಜಾಡಿನಲ್ಲಿ ಕಡಿಮೆ ಶ್ರಮದಿಂದ ಉರುಳುತ್ತದೆ. ಟ್ರ್ಯಾಕ್ ಹೊಂದದಿದ್ದರೆ ಹಿಂದಿನ ಟೈರಿನ ಒಂದು ಅಂಚು ಪ್ರತಿ ಕ್ಷಣವೂ ಹೊಸ ನೆಲವನ್ನು ಒತ್ತಬೇಕಾಗುತ್ತದೆ, ಎಂಜಿನ್ ಅಷ್ಟರಮಟ್ಟಿಗೆ ಹೆಚ್ಚು ದುಡಿಯುತ್ತದೆ. ನಿಮ್ಮ 265 ಮಿ.ಮೀ. ಟೈರಿನಲ್ಲಿ 50 ಮಿ.ಮೀ. ಹೊರಗುಳಿದರೂ ಉಳಿದ 215 ಮಿ.ಮೀ., ಅಂದರೆ ಐದರಲ್ಲಿ ನಾಲ್ಕು ಪಾಲು, ಜಾಡಿನೊಳಗೇ ಇರುತ್ತದೆ. ಹೆಚ್ಚು ಕಿರಿಕಿರಿಯಾಗುವುದು ಬೇರೆ ಗಾಡಿಗಳು ಕೊರೆದ ಆಳವಾದ, ಗಟ್ಟಿಯಾದ ಜಾಡುಗಳಲ್ಲಿ: ಮುಂದಿನ ಜೋಡಿ ಅದರಲ್ಲಿ ಸರಿಯಾಗಿ ಕೂತಿದ್ದರೆ ಹಿಂದಿನ ಜೋಡಿ ಒಂದು ಬದಿಯ ಗೋಡೆಯನ್ನು ಏರಲು ನೋಡುತ್ತದೆ, ಗಾಡಿ ಓರೆಯಾಗಿ ಸಾಗುತ್ತದೆ. ಒಂದು ಬದಿಯ ವ್ಯತ್ಯಾಸ ಟೈರಿನ ಅಗಲದ ಕಾಲು ಭಾಗವನ್ನು ಮೀರದಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ. ಇದು ಶಾಸ್ತ್ರದ ನಿಯಮವಲ್ಲ, ನನ್ನ ಅಂದಾಜು.

ತಿರುವುಗಳಲ್ಲಿ ಮಾತ್ರ ಈ ವ್ಯತ್ಯಾಸ ನಿಮ್ಮ ಪರವಾಗಿದೆ. ಗಾಡಿ ತಿರುಗುವಾಗ ಒಳಬದಿಯ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಹಾಯುತ್ತದೆ. ಮುಂದಿನ ಚಕ್ರ ತಪ್ಪಿಸಿಕೊಂಡ ಬಂಡೆಗೆ ಹಿಂದಿನದು ತಗಲುವುದು ಇದರಿಂದಲೇ. 2.5 ಮೀಟರ್ ವೀಲ್‌ಬೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) ಗಾಡಿಯೊಂದು, ಹಿಂದಿನ ಆಕ್ಸಲ್ಲಿನ ನಡುವಿನ ಲೆಕ್ಕದಲ್ಲಿ, 5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಎಂದುಕೊಳ್ಳಿ. ಎರಡೂ ಟ್ರ್ಯಾಕ್ 1.6 ಮೀಟರ್ ಇದ್ದರೆ ಹಿಂದಿನ ಚಕ್ರ ಸುಮಾರು 69 ಸೆಂ.ಮೀ. ಒಳಗೆ ಹಾಯುತ್ತದೆ, ಹಿಂದಿನದನ್ನು 1.5 ಮೀಟರಿಗೆ ಇಳಿಸಿದರೆ ಅದು 64 ಸೆಂ.ಮೀ.ಗೆ ಇಳಿಯುತ್ತದೆ. ಬಂಡೆಗಳ ನಡುವೆ 5 ಸೆಂ.ಮೀ. ಕಡಿಮೆ ಲಾಭವೇನಲ್ಲ.

ಓರೆ ಇಳಿಜಾರಿನಲ್ಲಿ ಉರುಳುವ ಭಯವನ್ನೂ ಅಳೆದು ನೋಡೋಣ. ಗಾಡಿ ಉರುಳುವುದು ಒಂದು ಬದಿಯ ಎರಡು ಟೈರುಗಳನ್ನು ಸೇರಿಸುವ ರೇಖೆಯ ಮೇಲೆ, ಆದ್ದರಿಂದ ಹಿಂದೆ ಹೆಚ್ಚು ಭಾರ ಹೇರಿದಷ್ಟೂ ಕಿರಿದಾದ ಟ್ರ್ಯಾಕಿನ ಪ್ರಭಾವ ಹೆಚ್ಚುತ್ತದೆ. ಮುಂದೆ 1.6, ಹಿಂದೆ 1.5 ಮೀಟರ್ ಟ್ರ್ಯಾಕಿನ ಅದೇ ಗಾಡಿಯಲ್ಲಿ ಭಾರದ ನೂರರಲ್ಲಿ 60 ಪಾಲು ಹಿಂದೆ, 40 ಪಾಲು ಮುಂದೆ ಇದ್ದರೆ ಟ್ರ್ಯಾಕ್ 1540 ಮಿ.ಮೀ. ಇದ್ದಂತೆ, ಗುರುತ್ವ ಕೇಂದ್ರ 80 ಸೆಂ.ಮೀ. ಎತ್ತರದಲ್ಲಿದ್ದರೆ, ಸ್ಪ್ರಿಂಗ್ ಮತ್ತು ಟೈರು ಕುಗ್ಗುವುದನ್ನು ಬಿಟ್ಟು ಲೆಕ್ಕ ಹಾಕಿದಾಗ, ಉರುಳುವ ಕೋನ 45 ಡಿಗ್ರಿಯಿಂದ ಸುಮಾರು 44ಕ್ಕೆ ಇಳಿಯುತ್ತದೆ. ಚಾವಣಿಯ ಕ್ಯಾರಿಯರ್ ಮೇಲೆ ಹೇರಿದ ಸಾಮಾನು ಇದಕ್ಕಿಂತ ದೊಡ್ಡ ಅಪಾಯ. ಡಾಂಬರು ರಸ್ತೆಯ ವೇಗದ ತಿರುವಿನಲ್ಲಿ ಹಿಂಭಾಗ ತುಸು ಬೇಗ ಜಾರಬಹುದು. ಮಳೆಯಲ್ಲಿ, ಖಾಲಿ ಗಾಡಿಯಲ್ಲಿ ಇದನ್ನು ನೆನಪಿಡಿ.

ಇನ್ನು ಸ್ಪೇಸರ್. 50 ಮಿ.ಮೀ. ಸ್ಪೇಸರ್ ಹಾಕಿದಾಗ, 600 ಕಿಲೋ ಭಾರ ಹೊತ್ತ ಚಕ್ರ ನಿಂತಲ್ಲಿಯೇ ಹಬ್ ಬೇರಿಂಗ್ ಮೇಲೆ ಸುಮಾರು 300 ನ್ಯೂಟನ್-ಮೀಟರ್ ಹೆಚ್ಚುವರಿ ಬಾಗುಬಲ ಹಾಕುತ್ತದೆ, ಗುಂಡಿಗೆ ಬಿದ್ದಾಗ ಅದು ಹಲವು ಪಟ್ಟಾಗುತ್ತದೆ. ಸ್ಪೇಸರ್ ಕೆಟ್ಟದ್ದು, ಹೊರಚಾಚಿದ ರಿಮ್ ಒಳ್ಳೆಯದು ಎಂಬ ನಂಬಿಕೆ ಇದೆ. ಬೇರಿಂಗ್ ಮಟ್ಟಿಗೆ ಎರಡೂ ಒಂದೇ. ರಿಮ್‌ನಲ್ಲಿ ಒಂದು ಜೋಡಣೆ ಕಡಿಮೆ ಎಂಬುದಷ್ಟೇ ಅನುಕೂಲ. ಹಾಕಲೇಬೇಕೆಂದರೆ ಹಬ್‌ಗೆ ಬೋಲ್ಟ್ ಆಗುವ, ತನ್ನದೇ ಸ್ಟಡ್‌ಗಳಿರುವ (ನಟ್ ಬಿಗಿಯುವ ತಿರುಪು ಕಡ್ಡಿಗಳಿರುವ), ಹಬ್‌ನ ನಡು ಉಬ್ಬಿಗೆ ಸರಿಯಾಗಿ ಕೂರುವ ಸ್ಪೇಸರನ್ನೇ ಹಾಕಿಸಿ, ಮೊದಲ 100 ಕಿ.ಮೀ. ಒಳಗೆ ನಟ್‌ಗಳ ಬಿಗಿತವನ್ನು ಮತ್ತೆ ನೋಡಿ. ಸ್ಟಡ್‌ಗಳ ಮೇಲೆ ಸುಮ್ಮನೆ ತೂರಿಸುವ ಬಿಲ್ಲೆಗಳು ಬೇಡವೇ ಬೇಡ. ಕೆಲವು ಕಡೆ ಸ್ಪೇಸರ್‌ಗೂ ಟ್ರ್ಯಾಕ್ ಬದಲಾವಣೆಗೂ ಕಾನೂನಿನ ಮಿತಿಗಳಿರುತ್ತವೆ, ವಿಮೆಯ ಷರತ್ತುಗಳನ್ನೂ ಓದಿ.

ನಿಮ್ಮ ಸಮಯವನ್ನು ಬೇರೆಡೆ ಕೊಡಿ ಎನ್ನುವುದು ನನ್ನ ಸಲಹೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರವನ್ನು ಎತ್ತರಕ್ಕೆ ಏರಿಸಿ, ಟೈರು ಮಡ್‌ಗಾರ್ಡಿಗೋ ಸ್ಪ್ರಿಂಗಿಗೋ ಉಜ್ಜುತ್ತದೆಯೇ ನೋಡಿ. ದೊಡ್ಡ ಆಕ್ಸಲ್ಲಿಗೆ ದೊಡ್ಡ ಬ್ರೇಕ್ ಬಂದಿರುತ್ತದೆ. ಬ್ರೇಕ್ ಎಣ್ಣೆಯನ್ನು ಒತ್ತುವ ಹಳೆಯ ಮಾಸ್ಟರ್ ಸಿಲಿಂಡರ್ ಅದಕ್ಕೆ ಸಾಲುತ್ತದೆಯೇ, ಮುಂದೆ ಹಿಂದೆ ಹಿಡಿತ ಸಮವಾಗಿದೆಯೇ ಎಂಬುದನ್ನು ಪರೀಕ್ಷಿಸದೆ ರಸ್ತೆಗೆ ಇಳಿಯಬೇಡಿ.

ಪ್ರಶ್ನೆ: ನನ್ನ ಗಾಡಿಯಲ್ಲಿ ಹಿಂದಿನ ಆಕ್ಸಲ್ಲೇ 60 ಮಿ.ಮೀ. ಅಗಲ. ಮುಂದೆ ಸ್ಪೇಸರ್ ಹಾಕಬಹುದೇ?

ಉತ್ತರ: ಹಿಂದಿನದು ಅಗಲವಾಗಿರುವುದು ತುಸು ಹೆಚ್ಚು ತೊಡಕಿನದು, ಏಕೆಂದರೆ ಒಳಗೆ ಹಾಯುವ ಹಿಂದಿನ ಚಕ್ರ ಇನ್ನೂ 30 ಮಿ.ಮೀ. ಒಳಗೆ ಹಾಯುತ್ತದೆ, ಚಾಲಕನಿಗೆ ಅದು ಕಾಣುವುದೂ ಇಲ್ಲ. ಆದರೂ ಮುಂದೆ ಸ್ಪೇಸರ್ ಬೇಡ. ಮುಂದಿನ ಚಕ್ರವನ್ನು ಹೊರಗೆ ತಳ್ಳಿದಷ್ಟೂ ಅದು ತಿರುಗುವ ಕಿಂಗ್‌ಪಿನ್ ರೇಖೆಯಿಂದ ಟೈರಿನ ನಡು ದೂರ ಸರಿಯುತ್ತದೆ, ಕಲ್ಲಿಗೆ ತಗಲಿದ ಪ್ರತಿ ಪೆಟ್ಟೂ ಸ್ಟೇರಿಂಗ್ ಮೂಲಕ ಕೈಗೆ ಬರುತ್ತದೆ. ಹಿಂದಿನ ಸ್ಪ್ರಿಂಗಿಗೆ ಟೈರು ತಗಲದಷ್ಟು ಜಾಗವಿದ್ದರೆ ಹಿಂದಿನ ರಿಮ್‌ಗಳನ್ನೇ 30 ಮಿ.ಮೀ. ಹೆಚ್ಚಿನ ಧನ ಆಫ್‌ಸೆಟ್‌ನವಕ್ಕೆ ಬದಲಿಸಿ. ಸ್ಟೆಪ್ನಿಯಾಗಿ ಹಿಂಬದಿಗೆ ಹಾಕಿದ ಬಗೆಯ ರಿಮ್ ಒಯ್ದರೆ, ಅದು ಮುಂದಿನ ಬ್ರೇಕಿಗೆ ತಗಲದೆ ಕೂರುತ್ತದೆಯೇ ಎಂದು ಹೊರಡುವ ಮೊದಲೇ ಹಾಕಿ ನೋಡಿಕೊಳ್ಳಿ.