ಸಂಸತ್ತಿನ ಕಲ್ಲಿಗೂ ಸಿಮೆಂಟ್ ಬಳೀಬೇಕಾ ಸ್ವಾಮಿ?

ನಾನು ಕೋಲಾರದ ಸುತ್ತ ಹಳೇ ಗುಡಿ, ಮನೆಗಳ ರಿಪೇರಿ ಮಾಡಿಸುವವನು. ಆದರೂ ಸಂಸತ್ ಭವನದ ಪ್ರಶ್ನೆಗಳು ತಪ್ಪುವುದಿಲ್ಲ.

ಹಳೇ ಭವನ ಕೆಡವಿದರಂತೆ? (ಬಂಗಾರಪೇಟೆ)

ಇಲ್ಲ. ಅಲ್ಲೇ ಇದೆ. 2023ರಿಂದ ಹೆಸರು ಸಂವಿಧಾನ ಸದನ.

ಅದು ಮಧ್ಯಪ್ರದೇಶದ ಮಿತಾವಲಿಯ ಚೌಸಠ ಯೋಗಿನಿ ಗುಡಿಯ ನಕಲಂತೆ? (ಮಾಲೂರು)

ಮತ್ತೆ ವಾಟ್ಸಾಪ್! ಎರಡೂ ದುಂಡಗಿವೆ, ಸರಿ. ಆದರೆ ಮಿತಾವಲಿಯ ಕಂಬಗಳು ಒಳಗಿನ ಅಂಗಳಕ್ಕೆ ಮುಖ ಮಾಡಿವೆ. ಸಂಸತ್ತಿನ 144 ಕಂಬಗಳು ಹೊರಜಗಲಿಯಲ್ಲಿವೆ. ಕಟ್ಟಡದ ನಕ್ಷೆ ಬರೆದ ಬ್ರಿಟಿಷ್ ವಾಸ್ತುಶಿಲ್ಪಿ ಬೇಕರ್ ಮೊದಲು ಹಾಕಿದ್ದು ತ್ರಿಕೋನ. ಜೊತೆಗಿದ್ದ ಇನ್ನೊಬ್ಬ ವಾಸ್ತುಶಿಲ್ಪಿ ಲುಟ್ಯೆನ್ಸ್ ಹಠಕ್ಕೆ ಅದು ದುಂಡಗಾಯಿತು.

1927ರಲ್ಲಿ ಉದ್ಘಾಟನೆಯಾದ ಕಟ್ಟಡ. ನಮ್ಮೂರ ಗುಡಿಗೆ ಮಾಡಿದ ಹಾಗೆ ಸಂದಿಗೆಲ್ಲ ಸಿಮೆಂಟ್ ತುಂಬಿ, ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಇನ್ನೂ ನೂರು ವರ್ಷ ಬರಲ್ವಾ? (ಮುಳಬಾಗಿಲು)

ಬರಲ್ಲ. ನಿಮ್ಮೂರ ಗುಡಿಯದ್ದೇ ನನಗೀಗ ಚಿಂತೆ.

ನಮ್ಮ ಕಡೆಯದು ಗ್ರಾನೈಟ್. ಅಲ್ಲಿಯದು ಮರಳುಗಲ್ಲು. ನನ್ನ ಮೇಜಿನ ಮೇಲೆ ಎರಡರ ತುಂಡೂ ಇವೆ. ಒಂದೊಂದು ಚಮಚ ನೀರು ಹಾಕಿ ನೋಡಿ. ಗ್ರಾನೈಟ್ ಮೇಲೆ ಜಾರಿ ಮೇಜು ಒದ್ದೆ. ಮರಳುಗಲ್ಲು ಕುಡಿದುಬಿಡುತ್ತೆ. ಕುಡಿದದ್ದು ಆರಬೇಕಲ್ವಾ? ಸುಣ್ಣದ ಗಾರೆ ಮೆತ್ತಗಿರುತ್ತೆ, ತೇವ ಸಂದಿಯಿಂದಲೇ ಆಚೆ ಹೋಗುತ್ತೆ. ಸಿಮೆಂಟ್ ಆ ಬಾಗಿಲು ಮುಚ್ಚುತ್ತೆ. ಆಗ ನೀರು ಕಲ್ಲಿನ ಮೈಯಿಂದಲೇ ಹೊರಡುತ್ತೆ. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಸಿಪ್ಪೆ ಎಬ್ಬಿಸುತ್ತೆ. ಬಣ್ಣ ಹೊಡೆದರೆ ಇನ್ನೂ ಜಾಸ್ತಿ.

ಕಲ್ಲಿನ ಗುಡಿಗೇನು ಅನ್ನಬೇಡಿ. ಗೋಪುರ ಇಟ್ಟಿಗೆ, ಗಾರೆಯದ್ದು. ಹೊಸದರಲ್ಲಿ ನಾನೇ ಒಂದು ಗೋಪುರಕ್ಕೆ ಸಿಮೆಂಟ್ ಮೆತ್ತಿಸಿದ್ದೆ. ಮೂರು ಮಳೆಗಾಲ ಆದಮೇಲೆ ಬಡಿದರೆ ಡಬ್ ಡಬ್ ಸದ್ದು. ಕಿತ್ತು ನೋಡಿದೆವು. ಸಿಮೆಂಟ್ ಹಪ್ಪಳದ ಹಾಗೆ ಇಡಿಯಾಗಿ ಬಂತು, ಹಿಂದಿನ ಇಟ್ಟಿಗೆ ಪುಡಿ ಪುಡಿ. ಅವತ್ತಿಂದ ಹಳೇ ಗಾರೆ ಕೆಲಸಕ್ಕೆ ಸಿಮೆಂಟ್ ಚೀಲ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಸ್ವಲ್ಪ ಅತಿ ಅನ್ನುವವರಿದ್ದಾರೆ, ಅನ್ನಲಿ.

ಹತ್ತು ವರ್ಷ ಗ್ಯಾರಂಟಿ ಅಂತ ಡಬ್ಬ ಹಿಡಿದು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಮೊದಲು ಏಣಿ ಹಾಕಿ ಹತ್ತಿ. ನೀರು ಹೋಗುವ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದೆಯಾ, ಸಂದಿಯಲ್ಲಿ ಅರಳಿ ಸಸಿ ಎದ್ದಿದೆಯಾ ನೋಡಿ. ಸಂಸತ್ತಿನ ಚಿಂತೆ ಆಮೇಲೆ.

ನಿಮ್ಮ ಫೀಸ್ ಎಷ್ಟು? (ಶ್ರೀನಿವಾಸಪುರ)

ಸಿಮೆಂಟ್ ಹಾಕೋಕೆ ಮುಂಚೆ ಕರೆದರೆ ಕಡಿಮೆ.