ಜಾಹೀರಾತಿನ ನೂರು ರೂಪಾಯಿ: ನಿಮ್ಮ ಕೈಗೆ ಬರುವುದೆಷ್ಟು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರ ಅಳಲು ಒಂದೇ: ನೋಡುವವರು ಹೆಚ್ಚಿದ್ದಾರೆ, ದುಡ್ಡು ಹೆಚ್ಚಿಲ್ಲ. ಸುದ್ದಿ ಜಾಲತಾಣ, ಯೂಟ್ಯೂಬ್ ಚಾನೆಲ್ ನಡೆಸುವವರ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮದು ಜಿಲ್ಲಾ ಮಟ್ಟದ ಸುದ್ದಿ ಜಾಲತಾಣ. ತಿಂಗಳಿಗೆ 2 ಲಕ್ಷ ಪುಟವೀಕ್ಷಣೆ ಇದೆ. ಗೂಗಲ್‌ನ ಜಾಹೀರಾತು ಸೇವೆ ಆ್ಯಡ್‌ಸೆನ್ಸ್‌ನಿಂದ ಬರುವ ಹಣ ಏನಕ್ಕೂ ಸಾಲದು. ಗೂಗಲ್ ಎಷ್ಟು ಮುರಿದುಕೊಳ್ಳುತ್ತದೆ? — ಓದುಗರು, ಶಿವಮೊಗ್ಗ

ಉತ್ತರ: ಎರಡು ಕಡೆ ಮುರಿದುಕೊಳ್ಳುತ್ತದೆ. ಜಾಹೀರಾತುದಾರರು ಗೂಗಲ್ ಆ್ಯಡ್ಸ್ ಮೂಲಕ 100 ರೂ. ಹಾಕಿದರೆ ಆ ಕಡೆಯಲ್ಲೇ ಸರಾಸರಿ 15 ರೂ. ಹೋಗುತ್ತದೆ. ಉಳಿದ 85 ರೂ.ನಲ್ಲಿ ಶೇ 80 ನಿಮ್ಮದು, ಅಂದರೆ 68 ರೂ. ಮೊದಲು ಇದನ್ನೇ ನೇರವಾಗಿ ಶೇ 68 ಎನ್ನುತ್ತಿದ್ದರು. 2024ರ ಆರಂಭದಿಂದ ಲೆಕ್ಕವನ್ನು ಹೀಗೆ ಬಿಡಿಸಿದ್ದಾರೆ. ಅದೇ ಹೊತ್ತಿಗೆ ಪಾವತಿಯೂ ಕ್ಲಿಕ್ ಬದಲು ಜಾಹೀರಾತು ಕಾಣಿಸಿಕೊಂಡ ಲೆಕ್ಕಕ್ಕೆ ಬದಲಾಯಿತು.

ಆದರೆ ನಿಮ್ಮ ತೊಂದರೆ ಆ 32 ರೂಪಾಯಿಯಲ್ಲಿಲ್ಲ. ಆ್ಯಡ್‌ಸೆನ್ಸ್ ವರದಿಯಲ್ಲಿ ‘ಪೇಜ್ ಆರ್‌ಪಿಎಂ’ ನೋಡಿ. ಸಾವಿರ ಪುಟವೀಕ್ಷಣೆಗೆ ನಿಮಗೆ ಸಿಕ್ಕಿದ್ದೆಷ್ಟು ಎಂಬುದು ಅದು. ಅದು 20 ರೂ. ಇದ್ದರೆ 2 ಲಕ್ಷ ವೀಕ್ಷಣೆಗೆ 4,000 ರೂ. ಬರುತ್ತದೆ. ಅದನ್ನು 40ಕ್ಕೆ ಏರಿಸುವುದು ಓದುಗರನ್ನು ದುಪ್ಪಟ್ಟು ಮಾಡುವುದಕ್ಕಿಂತ ಸುಲಭ.

ಮೊದಲು ಆ್ಯಡ್ಸ್.ಟಿಎಕ್ಸ್‌ಟಿ ಕಡತ ಪರೀಕ್ಷಿಸಿ. ನಿಮ್ಮ ಜಾಗ ಮಾರಲು ಯಾರಿಗೆ ಅಧಿಕಾರವಿದೆ ಎಂದು ಖರೀದಿದಾರರಿಗೆ ಹೇಳುವ ಪಟ್ಟಿ ಅದು. ಪ್ರತಿ ಸಾಲಿನಲ್ಲೂ ಅಲ್ಪವಿರಾಮ ಹಾಕಿ ಜಾಹೀರಾತು ಸಂಸ್ಥೆಯ ಡೊಮೈನ್, ನಿಮ್ಮ ಪಬ್ಲಿಷರ್ ಸಂಖ್ಯೆ, ‘ಡೈರೆಕ್ಟ್’ ಅಥವಾ ‘ರೀಸೆಲ್ಲರ್’ ಎಂಬ ಪದ ಇರಬೇಕು; ಕೊನೆಗೆ ಆ ಸಂಸ್ಥೆಯ ಗುರುತಿನ ಸಂಕೇತ ಕೊಟ್ಟಿದ್ದರೆ ಅದನ್ನೂ ಹಾಕಿ. ಬ್ರೌಸರ್‌ನಲ್ಲಿ ನಿಮ್ಮ ಡೊಮೈನ್ ಹೆಸರಿನ ಮುಂದೆ ಓರೆಗೆರೆ ಹಾಕಿ ಕಡತದ ಹೆಸರು ಟೈಪ್ ಮಾಡಿದರೆ ಬರೀ ಅಕ್ಷರಗಳ ಪುಟ ತೆರೆಯಬೇಕು. ಜಾಲತಾಣದ ಮುಖಪುಟವೋ ದೋಷದ ಸಂದೇಶವೋ ಬಂದರೆ ಕಡತ ಇಲ್ಲ ಅಥವಾ ತಪ್ಪು ಫೋಲ್ಡರ್‌ನಲ್ಲಿದೆ ಎಂದರ್ಥ. ಹೋಸ್ಟಿಂಗ್ ಬದಲಿಸಿದಾಗ ಈ ಕಡತ ಬಿಟ್ಟುಹೋಗುವುದು ಮಾಮೂಲು. ಸರಿಪಡಿಸಿದ ಮೇಲೂ ಗೂಗಲ್ ಗುರುತಿಸಲು ಕೆಲವು ದಿನ ಬೇಕು. ಓದುಗರು ಕಡಿಮೆ ಇದ್ದರೆ ತಿಂಗಳೂ ಆದೀತು.

ಎರಡನೆಯದು ಜಾಹೀರಾತಿನ ಜಾಗ. ಅರ್ಧದಷ್ಟು ಭಾಗ ಕನಿಷ್ಠ 1 ಸೆಕೆಂಡ್ ಪರದೆಯ ಮೇಲೆ ಇದ್ದರೆ ಮಾತ್ರ ಜಾಹೀರಾತು ‘ಕಂಡಿತು’ ಎಂದು ಎಣಿಸುತ್ತಾರೆ. ಪುಟದ ತಳದಲ್ಲಿ ಯಾರೂ ತಲುಪದ ಕಡೆ ಹಾಕಿದ್ದಕ್ಕೆ ಒಳ್ಳೆಯ ಬೆಲೆ ಬರುವುದಿಲ್ಲ. ಹಾಗೆಂದು ಶೀರ್ಷಿಕೆಯ ಮೇಲೆಯೇ ಮೂರು ಜಾಹೀರಾತು ಪೇರಿಸಿಟ್ಟರೆ ಪುಟ ತೆರೆಯುವ ಮೊದಲೇ ಓದುಗರು ಹೊರಟುಹೋಗುತ್ತಾರೆ. ನಮ್ಮ ಅನೇಕ ಸುದ್ದಿ ತಾಣಗಳ ಕಾಯಿಲೆ ಇದೇ. ಎರಡನೇ ಪ್ಯಾರಾ ಆದ ಮೇಲೆ ಒಂದು, ಬರಹದ ನಡುವೆ ಒಂದು ಇಟ್ಟು ನೋಡಿ. ಅವಕ್ಕೆ ಮೊದಲೇ ಎತ್ತರ ನಿಗದಿ ಮಾಡಿಡಿ. ಇಲ್ಲವಾದರೆ ಜಾಹೀರಾತು ತಡವಾಗಿ ಬಂದು ಓದುತ್ತಿದ್ದ ಸಾಲನ್ನೇ ಕೆಳಗೆ ತಳ್ಳುತ್ತದೆ.

ಇನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಜಾಹೀರಾತು ಒತ್ತಿ ಸಹಕರಿಸಿ’ ಎಂದು ಕೇಳುವುದನ್ನು ಬಿಡಿ. ತಿಂಗಳಿಡೀ ಕಾಣುವುದು ಅಂದಾಜು ಗಳಿಕೆ. ಮುಂದಿನ ತಿಂಗಳ ಆರಂಭದಲ್ಲಿ ಇಂಥ ಅಸಿಂಧು ಕ್ಲಿಕ್‌ಗಳನ್ನು ಕಳೆದು ಅಂತಿಮ ಮೊತ್ತ ತೋರಿಸುತ್ತಾರೆ. ಅದು 100 ಡಾಲರ್ ದಾಟಿದ್ದರೆ 21ರಿಂದ 26ನೇ ತಾರೀಕಿನೊಳಗೆ ಹಣ ಹೊರಡುತ್ತದೆ. ಗಳಿಕೆ 10 ಡಾಲರ್ ಮುಟ್ಟಿದಾಗ ಅಂಚೆಯಲ್ಲಿ ಬರುವ ಪಿನ್ ಅನ್ನು 4 ತಿಂಗಳೊಳಗೆ ನಮೂದಿಸದಿದ್ದರೆ ಜಾಹೀರಾತು ಬರುವುದೇ ನಿಲ್ಲುತ್ತದೆ. ಹಬ್ಬಗಳ ಬಜೆಟ್ ಮುಗಿದ ಮೇಲೆ ಜನವರಿಯಲ್ಲಿ ದರ ಇಳಿಯುವುದು ವಾಡಿಕೆ. ಅದನ್ನು ಡಿಸೆಂಬರ್ ಜೊತೆಗಲ್ಲ, ಹಿಂದಿನ ಜನವರಿಯ ಜೊತೆ ಹೋಲಿಸಿ.

ಪ್ರಶ್ನೆ: ನಮ್ಮ ಶಾರ್ಟ್ಸ್‌ಗಳ ವೀಕ್ಷಣೆ 2025ರ ಏಪ್ರಿಲ್‌ನಿಂದ ಒಮ್ಮೆಲೇ ಜಿಗಿದಿದೆ. ಹಣ ಮಾತ್ರ ಅಷ್ಟೇ. ಸಿನಿಮಾ ಹಾಡು ಬಳಸಿದ್ದಕ್ಕೆ ಕಡಿತವೇ? — ಓದುಗರು, ದಾವಣಗೆರೆ

ಉತ್ತರ: ಹಾಡಿನ ತಪ್ಪಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಎಣಿಕೆಯ ಕ್ರಮ ಬದಲಿಸಿತು. ಶಾರ್ಟ್ ಓಡಲು ಶುರುವಾದರೆ ಸಾಕು, ಒಂದು ವೀಕ್ಷಣೆ. ಎಷ್ಟು ಹೊತ್ತು ನೋಡಿದರು ಎಂಬುದು ಲೆಕ್ಕಕ್ಕಿಲ್ಲ. ಹಣಕ್ಕೆ ಮಾತ್ರ ಹಳೆಯ ಲೆಕ್ಕವೇ ಉಳಿದಿದೆ. ಅನಲಿಟಿಕ್ಸ್‌ನಲ್ಲಿ ಅದರ ಹೆಸರು ‘ಎಂಗೇಜ್ಡ್ ವ್ಯೂಸ್’. ನೀವು ನೋಡಬೇಕಾದ ಅಂಕಿ ಅದು.

ಹಾಡಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಶಾರ್ಟ್ಸ್‌ಗಳ ನಡುವೆ ಬರುವ ಜಾಹೀರಾತಿನ ಹಣವೆಲ್ಲ ಒಂದೇ ಹುಂಡಿಗೆ ಬೀಳುತ್ತದೆ. ಒಂದು ಹಾಡು ಬಳಸಿದ ಶಾರ್ಟ್‌ನ ಪಾಲಿನಲ್ಲಿ ಅರ್ಧ, ಎರಡು ಹಾಡಾದರೆ ಮೂರರಲ್ಲಿ ಎರಡು ಭಾಗ ಸಂಗೀತದವರಿಗೆ ಹೋಗುತ್ತದೆ. ಉಳಿದದ್ದನ್ನು ಒಟ್ಟು ಸೇರಿಸಿ, ಪ್ರತಿ ದೇಶದ ವೀಕ್ಷಣೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟರಂತೆ ಹಂಚಿ, ಅದರಲ್ಲಿ ಶೇ 45 ಕೊಡುತ್ತಾರೆ. ನೀವು ಹಾಡು ಬಳಸಿದರೂ ಬಿಟ್ಟರೂ ನಿಮ್ಮ ಶೇ 45 ಬದಲಾಗದು.

ಹೋಲಿಕೆಗೆ, ಉದ್ದನೆಯ ವಿಡಿಯೊದಲ್ಲಿ ಆ ವಿಡಿಯೊದ ಜಾಹೀರಾತಿನ ಹಣದಲ್ಲೇ ಶೇ 55 ನಿಮ್ಮದು. 8 ನಿಮಿಷ ಆಗಿದ್ದರೆ ನಡುವೆಯೂ ಜಾಹೀರಾತು ಹಾಕಬಹುದು. 5 ನಿಮಿಷದ ಸರಕನ್ನು 8ಕ್ಕೆ ಎಳೆದರೆ ಜನ ನಡುವೆಯೇ ಎದ್ದು ಹೋಗುತ್ತಾರೆ, ಆ ಮಾತು ಬೇರೆ. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ, ಜಾಹೀರಾತು ಹಣ ಪಡೆಯಲು ಚಾನೆಲ್‌ಗೆ ಬೇಕಾದ 4,000 ಗಂಟೆಗಳ ವೀಕ್ಷಣೆಯ ಅರ್ಹತೆಗೆ ಸೇರುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಅಮೆರಿಕದಲ್ಲಿರುವ ಕನ್ನಡಿಗರು ನಮ್ಮ ಅಡುಗೆ ಚಾನೆಲ್ ನೋಡುತ್ತಾರೆ. ಅಲ್ಲಿನ ತೆರಿಗೆ ಎಂದು ಹಣ ಹಿಡಿಯುತ್ತಿದ್ದಾರೆ. ಸರಿಯೇ? — ಓದುಗರು, ಧಾರವಾಡ

ಉತ್ತರ: ಹಿಡಿಯುವುದು ಸರಿ. ಎಷ್ಟು ಹಿಡಿಯುತ್ತಾರೆ ಎಂಬುದು ನೀವು ತುಂಬಿದ ಅರ್ಜಿಯ ಮೇಲೆ ನಿಂತಿದೆ. ತಿಂಗಳಿಗೆ 600 ಡಾಲರ್ ಬಂದು, ಅದರಲ್ಲಿ ಅಮೆರಿಕದ ವೀಕ್ಷಕರಿಂದ ಬಂದದ್ದು 150 ಎಂದಿಟ್ಟುಕೊಳ್ಳಿ. ತೆರಿಗೆ ಮಾಹಿತಿಯನ್ನೇ ಕೊಡದಿದ್ದರೆ ಇಡೀ 600ರ ಮೇಲೆ ಶೇ 24 ಹಿಡಿಯಬಹುದು: 144 ಡಾಲರ್. ಅರ್ಜಿ ತುಂಬಿ ಭಾರತ–ಅಮೆರಿಕ ತೆರಿಗೆ ಒಪ್ಪಂದದ ರಿಯಾಯಿತಿ ಕೇಳದಿದ್ದರೆ 150ರ ಮೇಲೆ ಶೇ 30, ಅಂದರೆ 45. ಕೇಳಿದರೆ ಶೇ 15, ಅಂದರೆ 22.50 ಮಾತ್ರ.

ಆ್ಯಡ್‌ಸೆನ್ಸ್‌ನ ಪಾವತಿ ವಿಭಾಗದಲ್ಲಿ ಡಬ್ಲ್ಯು-8ಬೆನ್ ನಮೂನೆ ತುಂಬಿ. ವಿದೇಶಿ ತೆರಿಗೆ ಸಂಖ್ಯೆ ಕೇಳಿದಲ್ಲಿ ನಿಮ್ಮ ಪ್ಯಾನ್ ಹಾಕಿ, ಒಪ್ಪಂದದ ಪ್ರಶ್ನೆಗೆ ‘ಹೌದು’ ಎಂದು ಭಾರತವನ್ನು ಆರಿಸಿ. ಹೆಸರು ಪ್ಯಾನ್‌ನಲ್ಲಿ ಇರುವಂತೆಯೇ ಇರಲಿ. ಮೂರು ವರ್ಷಕ್ಕೊಮ್ಮೆ ಮತ್ತೆ ತುಂಬಬೇಕು. ಹಳೆಯ ಚಾನೆಲ್‌ಗಳು ಎಡವುವುದು ಇಲ್ಲೇ. ಹಿಡಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಗೂಗಲ್ ಕೊಡುವ ವಾರ್ಷಿಕ ತೆರಿಗೆ ಪತ್ರವನ್ನು ಆಡಿಟರ್‌ಗೆ ಕೊಡಿ.

ಪ್ರಶ್ನೆ: ತಿಂಗಳಿಗೆ 99 ರೂ. ಚಂದಾ ಇಟ್ಟಿದ್ದೇವೆ. ಸೇರುವವರು ಸೇರುತ್ತಾರೆ, ಆದರೆ ಎರಡನೇ ತಿಂಗಳೇ ಹಲವರ ಪಾವತಿ ವಿಫಲವಾಗುತ್ತದೆ. — ಓದುಗರು, ಬೆಂಗಳೂರು

ಉತ್ತರ: ಅವರೆಲ್ಲ ಬೇಸತ್ತು ಬಿಟ್ಟವರಲ್ಲ. ಖಾತೆಯಿಂದ ತಾನಾಗಿಯೇ ಹಣ ಕಡಿತವಾಗಲು ಗ್ರಾಹಕರು ಕೊಡುವ ಒಪ್ಪಿಗೆಯ (ಇ-ಮ್ಯಾಂಡೇಟ್) ಬಗ್ಗೆ ರಿಸರ್ವ್ ಬ್ಯಾಂಕ್‌ನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಮೊದಲ ಸಲ ಗ್ರಾಹಕರೇ ದೃಢೀಕರಿಸಬೇಕು. ಆಮೇಲೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಹೋಗಬೇಕು. ಆ ಸೂಚನೆ ನೋಡಿ ರದ್ದು ಮಾಡುವವರು ಕೆಲವರು. ಆ ದಿನ ಖಾತೆಯಲ್ಲಿ ಹಣವಿಲ್ಲದವರು, ಕಾರ್ಡ್ ಅವಧಿ ಮುಗಿದವರು ಇನ್ನು ಕೆಲವರು. ನಿಮ್ಮ ಪರವಾಗಿ ಆನ್‌ಲೈನ್ ಪಾವತಿ ಪಡೆಯುವ ಸಂಸ್ಥೆಯ (ಗೇಟ್‌ವೇ) ವರದಿಯಲ್ಲಿ ವಿಫಲತೆಯ ಕಾರಣ ಇರುತ್ತದೆ, ಮೊದಲು ಅದನ್ನು ವಿಂಗಡಿಸಿ. ಹಣ ಸಾಲದೆ ನಿಂತದ್ದೇ ಹೆಚ್ಚಿದ್ದರೆ ಕಡಿತದ ದಿನವನ್ನು ತಿಂಗಳ ಕೊನೆಯಿಂದ ಸಂಬಳ ಬಿದ್ದ ಮೇಲಿನ ದಿನಕ್ಕೆ ಸರಿಸಿ. ಕಾರ್ಡ್ ಸಮಸ್ಯೆಯಾದರೆ ಯುಪಿಐ ಆಟೋಪೇಗೆ ಬದಲಾಯಿಸಲು ಕೊಂಡಿ ಕಳಿಸಿ.

ಇದಕ್ಕಿಂತ ಒಳ್ಳೆಯದು ವಾರ್ಷಿಕ ಚಂದಾ. ತಿಂಗಳಿಗೆ ಶೇ 5ರಷ್ಟು ಜನ ಉದುರಿದರೂ ವರ್ಷದ ಕೊನೆಗೆ 100ರಲ್ಲಿ 54 ಮಂದಿ ಉಳಿಯುತ್ತಾರೆ. ವಾರ್ಷಿಕದಲ್ಲಿ ಉದುರಲು ಅವಕಾಶ ಒಂದೇ ಸಲ. ಹಾಗಾಗಿ ವಾರ್ಷಿಕ ದರದಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟರೂ ನಷ್ಟವಾಗದು.

99 ರೂ. ಪೂರ್ತಿ ನಿಮ್ಮದು ಎಂದುಕೊಳ್ಳಬೇಡಿ. ಜಿಎಸ್‌ಟಿ ನೋಂದಣಿ ಇದ್ದರೆ ಆನ್‌ಲೈನ್ ಚಂದಾಕ್ಕೆ ಶೇ 18 ತೆರಿಗೆ; ಅದನ್ನು ಒಳಗಿನಿಂದ ತೆಗೆದರೆ 83.90 ರೂ. ಗೇಟ್‌ವೇ ಶುಲ್ಕ ಶೇ 2 ಇದ್ದು ಅದರ ಮೇಲೂ ತೆರಿಗೆ ಸೇರಿದರೆ ಇನ್ನೊಂದು 2.34 ರೂ. ಹೋಗಿ 81.56 ಉಳಿಯುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ನೋಂದಣಿ ಕಡ್ಡಾಯ. ಆ 20 ಲಕ್ಷದಲ್ಲಿ ವಿದೇಶದಿಂದ ಬರುವ ಜಾಹೀರಾತು ಹಣವೂ ಸೇರುತ್ತದೆ. ರಫ್ತಿಗೆ ತೆರಿಗೆ ಇಲ್ಲ ಎಂದು ಅದನ್ನು ಲೆಕ್ಕದಿಂದ ಬಿಡುವವರು ಬಹಳ.

ಪ್ರಶ್ನೆ: ಕೆನಡಾದಲ್ಲಿ ಫೇಸ್‌ಬುಕ್ ಸುದ್ದಿಯನ್ನೇ ನಿಲ್ಲಿಸಿತಂತೆ. ಇತ್ತ ಗೂಗಲ್ ತಾನೇ ಎಐ ಉತ್ತರ ಕೊಡುತ್ತಿದೆ. ನಮ್ಮ ಬರಹ ಬಳಸದಂತೆ ತಡೆಯಬಹುದೇ? — ಓದುಗರು, ಮಂಗಳೂರು

ಉತ್ತರ: ಸುದ್ದಿ ಸಂಸ್ಥೆಗಳಿಗೆ ಹಣ ಕೊಡಬೇಕೆಂಬ ಕಾನೂನು ಕೆನಡಾದಲ್ಲಿ 2023ರ ಜೂನ್‌ನಲ್ಲಿ ಬಂತು. ಆಗಸ್ಟ್‌ನಲ್ಲಿ ಮೆಟಾ ಅಲ್ಲಿನ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಂದ ಸುದ್ದಿ ತೆಗೆದುಹಾಕಿತು. ಕಾಡ್ಗಿಚ್ಚಿಗೆ ಹೆದರಿ ಯೆಲ್ಲೋನೈಫ್ ನಗರವನ್ನು ತೆರವು ಮಾಡಿಸಿದಾಗಲೂ ಸುದ್ದಿ ಕೊಂಡಿಗಳು ಅಲ್ಲಿ ಬರಲಿಲ್ಲ. ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿ ಉಳಿದುಕೊಂಡಿತು.

ತಡೆಯುವ ವಿಷಯಕ್ಕೆ ಬಂದರೆ, ತಾಣಕ್ಕೆ ಯಾವ ಯಂತ್ರ ಬರಬಹುದು, ಯಾವುದು ಬರಬಾರದು ಎಂದು ಹೇಳುವ ರೋಬೋಟ್ಸ್ ಕಡತದಲ್ಲಿ, ಬರಹಗಳನ್ನು ಸಂಗ್ರಹಿಸುವ ಓಪನ್‌ಎಐನ ಜಿಪಿಟಿಬಾಟ್ ಅನ್ನು ನಿಷೇಧಿಸಬಹುದು. ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರನ್ನು ಅಲ್ಲೇ ನಿಷೇಧಿಸಿದರೆ ಗೂಗಲ್‌ನ ಎಐ ಆದ ಜೆಮಿನಿಯ ತರಬೇತಿಗೆ ನಿಮ್ಮ ಬರಹ ಹೋಗದು, ಆದರೆ ಹುಡುಕಾಟದ ತಲೆಯ ಮೇಲೆ ಬರುವ ಎಐ ಸಾರಾಂಶ ನಿಲ್ಲುವುದಿಲ್ಲ. ಅದನ್ನು ತಡೆಯಲು ಪುಟಕ್ಕೆ ‘ನೋಸ್ನಿಪೆಟ್’ ಸೂಚನೆ ಹಾಕಬೇಕು. ಹಾಕಿದರೆ ಮಾಮೂಲಿ ಫಲಿತಾಂಶದ ಕೆಳಗಿನ ಎರಡು ಸಾಲಿನ ವಿವರವೂ ಹೋಗಿ, ಕ್ಲಿಕ್ ಮಾಡುವವರು ಇನ್ನೂ ಕಡಿಮೆಯಾದಾರು. ಸಣ್ಣ ತಾಣಕ್ಕೆ ಇದು ಬೇಡ. ಅದರ ಬದಲು ಪ್ರತಿ ಬರಹದ ಕೊನೆಗೆ ಇಮೇಲ್ ಪತ್ರಕ್ಕೆ ಸೇರುವ ಪೆಟ್ಟಿಗೆ ಇಡಿ. ಆ ಪಟ್ಟಿಯನ್ನು ಇಳಿಸಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ವಾಟ್ಸ್ಆ್ಯಪ್ ಚಾನೆಲ್‌ನಲ್ಲಿ ಸಾವಿರಾರು ಮಂದಿ ಇದ್ದರೂ ಅವರ ಫೋನ್ ನಂಬರ್ ಪಟ್ಟಿ ನಿಮಗೆ ಸಿಗದು.

ಪ್ರಶ್ನೆ: ವಾರಪತ್ರಿಕೆಯೂ ಇದೆ, ಜಾಲತಾಣವೂ ಇದೆ. ಅಂಗಡಿಯವರಿಗೆ ಎರಡೂ ಸೇರಿ 10,000 ರೂ. ಪ್ಯಾಕೇಜ್ ಮಾರುತ್ತೇವೆ. ಜಿಎಸ್‌ಟಿ ಎಷ್ಟು? — ಓದುಗರು, ಕೊಪ್ಪಳ

ಉತ್ತರ: ಮುದ್ರಿತ ಪತ್ರಿಕೆಯ ಜಾಹೀರಾತು ಜಾಗಕ್ಕೆ ಶೇ 5, ಜಾಲತಾಣದ್ದಕ್ಕೆ ಶೇ 18. ಎರಡನ್ನೂ ಒಂದೇ ಬೆಲೆಗೆ ಕಟ್ಟಿ ಮಾರಿದರೆ ಇಡೀ ಮೊತ್ತಕ್ಕೆ ಹೆಚ್ಚಿನ ದರ ಬೀಳುವ ಅಪಾಯವಿದೆ. ಆಗ ತೆರಿಗೆ 1,800 ರೂ. ಪತ್ರಿಕೆಗೆ 7,000, ಜಾಲತಾಣಕ್ಕೆ 3,000 ಎಂದು ಬೇರೆ ಬೇರೆ ದರಪಟ್ಟಿ ಇಟ್ಟು, ಒಂದನ್ನಷ್ಟೇ ಕೊಳ್ಳಲೂ ಅವಕಾಶ ಕೊಟ್ಟು, ಬೇರೆ ಬಿಲ್ ಮಾಡಿದರೆ 350 ಮತ್ತು 540 ಸೇರಿ 890 ರೂ. ಆಗುತ್ತದೆ.