ತಜ್ಞರ ಬಳಿಗೆ ಕಳುಹಿಸದೆ ಆನ್‌ಲೈನಿನಲ್ಲೇ ಅಭಿಪ್ರಾಯ ಪಡೆದರೆ ರೋಗಿಗೆ ನಷ್ಟವೇ?

ನಾಗಮಂಗಲ ಕಡೆಯ ಆರೋಗ್ಯ ಕೇಂದ್ರದ ವೈದ್ಯರು ನಿಮ್ಮ ತಾಯಿಯನ್ನು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ಗೆ ಕಳುಹಿಸದೆ, ಕಾಲಿನ ಚರ್ಮದ ಕಲೆಯ ಫೋಟೊವನ್ನಷ್ಟೇ ತಜ್ಞರಿಗೆ ಕಳುಹಿಸಿ ಸಲಹೆ ಪಡೆದದ್ದು ಉಪೇಕ್ಷೆಯೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಆಸ್ಪತ್ರೆಯಲ್ಲಿ 2005ರಿಂದಲೂ, ಕೆನಡಾದ ಒಟ್ಟಾವ ಪ್ರದೇಶದಲ್ಲಿ 2010ರಿಂದಲೂ ಇಂಥ ವ್ಯವಸ್ಥೆಯಿದ್ದು, ತಿಂಗಳುಗಟ್ಟಲೆ ಕಾಯಬೇಕಿದ್ದ ಎಷ್ಟೋ ರೋಗಿಗಳಿಗೆ ಕೆಲವೇ ದಿನಗಳಲ್ಲಿ ಉತ್ತರ ಸಿಕ್ಕಿದೆ. ಅನೇಕರಿಗೆ ಮುಖಾಮುಖಿ ಭೇಟಿಯ ಅಗತ್ಯವೇ ಬಿದ್ದಿಲ್ಲ. ನಮ್ಮಲ್ಲಿಯೂ 2019ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಆನ್‌ಲೈನ್ ವೈದ್ಯಕೀಯ ಸಲಹಾ ಸೇವೆಯಾದ ಇ-ಸಂಜೀವಿನಿಯ ಮೂಲಕ ಆರೋಗ್ಯ ಕೇಂದ್ರದವರು ದೂರದ ವೈದ್ಯರ ಸಲಹೆ ಪಡೆಯಬಹುದು. ಬಸ್ ಖರ್ಚು, ಒಂದು ದಿನದ ಕೂಲಿ, ಜೊತೆಗೆ ಹೋಗುವವರ ಕೂಲಿ ಉಳಿಯುವುದು ಸಣ್ಣ ಮಾತಲ್ಲ.

ಆದರೆ ಉತ್ತರದ ಗುಣಮಟ್ಟ ಪ್ರಶ್ನೆಯ ಗುಣಮಟ್ಟವನ್ನೇ ಅವಲಂಬಿಸಿದೆ. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದಲೂ ದೂರದಿಂದಲೂ ತೆಗೆದ ಫೋಟೊ, ಸಕ್ಕರೆಯ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಕಲೆ ಯಾವಾಗಿನಿಂದ ಇದೆ ಎಂಬ ವಿವರ ಇವೆಲ್ಲ ಹೋಗಿವೆಯೇ ಎಂದು ವಿಚಾರಿಸಿ. ಕೈಯಿಂದ ಮುಟ್ಟಿ ನೋಡಬೇಕಾದ ಗಡ್ಡೆಗೆ, ಬಯಾಪ್ಸಿಗೆ (ಪರೀಕ್ಷೆಗಾಗಿ ಅಂಗಾಂಶದ ಚೂರು ತೆಗೆಯುವುದಕ್ಕೆ), ಶಸ್ತ್ರಚಿಕಿತ್ಸೆಗೆ ನೇರ ಭೇಟಿಯೇ ಬೇಕು. ಎದೆನೋವು ಬಂದರಂತೂ ಯಾವ ಸಂದೇಶಕ್ಕೂ ಕಾಯದೆ 108ಕ್ಕೆ ಕರೆ ಮಾಡಿ.

ಇನ್ನೊಂದು ಮಾತು: ಇಲ್ಲಿ ಚಿಕಿತ್ಸೆಯ ಹೊಣೆ ಸ್ಥಳೀಯ ವೈದ್ಯರಲ್ಲೇ ಉಳಿಯುವುದರಿಂದ, ತಜ್ಞರ ಸಲಹೆಯ ಪ್ರತಿಯನ್ನೂ ಮರುಪರೀಕ್ಷೆಯ ದಿನಾಂಕವನ್ನೂ ಅವರಿಂದ ಕೇಳಿ ಪಡೆಯಿರಿ.